ರ‍್ಯಾಪಿಗೆ ನಲವತ್ತಮೂರು ಕಿವಿ

ನನ್ನ ಮೊದಲ ರ‍್ಯಾಪ್ ಹಾಡನ್ನು ಅಂತರ್ಜಾಲಕ್ಕೆ ಏರಿಸಿದ ಮೂರು ವಾರಗಳಲ್ಲಿ ನಲವತ್ತಮೂರು ಸಲ ಕೇಳಲಾಗಿತ್ತು. ಅದರಲ್ಲಿ ಇಪ್ಪತ್ತೆರಡು ಸಲ ಕೇಳಿದವನು ನಾನೇ. ಹದಿನಾಲ್ಕು ಸಲ ನನ್ನ ಹೆಂಡತಿ ಮಂಜುಳೆಯ ಫೋನಿನಿಂದ ಕೇಳಲಾಗಿತ್ತು. ಆಗಲೂ ಕೇಳಿದವನು ನಾನೇ. ಉಳಿದ ಏಳು ಮಂದಿ ಯಾರೆಂದು ಗೊತ್ತಿಲ್ಲ. ಅವರು ಎಲ್ಲಿದ್ದರೂ ಚೆನ್ನಾಗಿರಲಿ, ಕೈತಪ್ಪಿ ಒತ್ತಿದ್ದರೂ ಸರಿಯೇ.

ನನಗೆ ಮೂವತ್ತೇಳು ವರ್ಷ. ಮಧುಗಿರಿಯ ಖಾಸಗಿ ಬಸ್ಸುಗಳ ನಿಲ್ದಾಣದಲ್ಲಿ ಟೈಮ್ ಕೀಪರ್ ಕೆಲಸ. ತಗಡಿನ ಗೂಡಿನೊಳಗೆ ಕುಳಿತು, ಮೈಕಿನಲ್ಲಿ ಶಿರಾ, ಕೊರಟಗೆರೆ, ಪಾವಗಡ ಎಂದು ಕೂಗಿ, ಹೊತ್ತಾದ ಬಸ್ಸನ್ನು ಹೊರಡಿಸುವುದು. ಈ ವಯಸ್ಸಿಗೆ ಮನುಷ್ಯನಿಗೆ ಸಕ್ಕರೆ ಕಾಯಿಲೆಯೋ ಸೈಟು ಕೊಳ್ಳುವ ಆಸೆಯೋ ಬರುತ್ತದೆ. ನನಗೆ ಹಿಪ್ ಹಾಪ್ ಬಂತು. ಕಲಾವಿದನಾದವನಿಗೆ ಒಂದು ಹೆಸರು ಬೇಕಲ್ಲ. ಊರಿನ ಬೆಟ್ಟ ಒಂದೇ ಬಂಡೆಯದು, ಹಾಗಾಗಿ ‘ಏಕಶಿಲೆ’ ಎಂದು ಇಟ್ಟುಕೊಂಡೆ. ಮಂಜುಳ ಕೇಳಿ, “ಕಲ್ಲು ಅಂತ ನೀವೇ ಒಪ್ಕೊಂಡ್ರಲ್ಲ, ಅಷ್ಟ್ ಸಾಕು ಬುಡಿ” ಎಂದಳು.

ಆ ಹಾಡಿನಲ್ಲಿ ನಾನು ಬೆಂಕಿ. ನಡೆದರೆ ನೆಲ ನಡುಗುತ್ತದೆ. ಶತ್ರುಗಳು ಸಾಲಾಗಿ ಬಂದು ಸಾಲಾಗಿಯೇ ಬಿದ್ದುಹೋಗುತ್ತಾರೆ. ಇದನ್ನೆಲ್ಲ ಬರೆದದ್ದು ಮಂಜುಳ ಕೊತ್ತಂಬರಿ ಸೊಪ್ಪು ಮರೆಯಬೇಡಿ ಎಂದು ಬರೆದುಕೊಟ್ಟಿದ್ದ ಚೀಟಿಯ ಹಿಂಭಾಗದಲ್ಲಿ. ಧ್ವನಿಮುದ್ರಣ ಆದದ್ದು ಶಿರಾದಲ್ಲಿ. ಅಲ್ಲಿ ನನ್ನ ಸ್ನೇಹಿತ ಇಮ್ರಾನನಿಗೆ ಕಡ್ಲೆಕಾಯಿ ಗೋದಾಮು ಇದೆ, ಕಂಪ್ಯೂಟರಿನಲ್ಲಿ ಸಂಗೀತ ಜೋಡಿಸುವ ಹುಚ್ಚೂ ಇದೆ. ನಾಲ್ಕೂ ಕಡೆ ಮೂಟೆ ಒಟ್ಟಿ ನಡುವೆ ಮೈಕ್ ಇಟ್ಟರೆ ಪ್ರತಿಧ್ವನಿಯೆಲ್ಲ ಮೂಟೆಯೊಳಕ್ಕೆ ಹೋಗಿಬಿಡುತ್ತದೆ. ಹಾಡಿ ಮುಗಿಸಿದಾಗ ಇಮ್ರಾನ್ ಒಂದು ಕಡ್ಲೆಕಾಯಿ ಸುಲಿದ.

“ಆವಾಜ್ ಚೆನ್ನಾಗೈತೆ ಭಾಯ್. ಮಾತ್ ಮಾತ್ರ ಯಾರೋ ಬಾಡಿಗೆಗ್ ಕೊಟ್ಟಂಗೈತೆ.”

ಅವನಿಗೆ ಸಾಹಿತ್ಯ ಅರ್ಥವಾಗುವುದಿಲ್ಲ ಎಂದುಕೊಂಡೆ. ಸಾಹಿತ್ಯ ನನಗೆ ಅರ್ಥವಾಗುತ್ತದೆ ಎಂಬ ಭ್ರಮೆಗೆ ಕಾರಣವಿದೆ. ಪದವಿಯಲ್ಲಿ ಕನ್ನಡ ಐಚ್ಛಿಕ ಓದಿದವನು ನಾನು. ರ‍್ಯಾಪ್ ಹೊರಗಿನದು ಎನ್ನುವವರ ಜೊತೆ ಗಂಟೆಗಟ್ಟಲೆ ವಾದ ಮಾಡುತ್ತಿದ್ದೆ. ಸಾಲಿನ ಎರಡನೆಯ ಅಕ್ಷರಕ್ಕೆ ಎರಡನೆಯ ಅಕ್ಷರ ಕೂಡಿಸುವ ಪ್ರಾಸದ ಹಟ ನಮ್ಮ ಹಳೆಯ ಕವಿಗಳದ್ದಲ್ಲವೇ? ತಾಳಕ್ಕೆ ಮಾತು ಕುಣಿಸುವುದು ನಮ್ಮ ಕೋಲಾಟದಲ್ಲಿ ಇಲ್ಲವೇ? ಇನ್ನು ರಗಳೆ. ಎಷ್ಟು ಸಾಲು ಬೇಕಾದರೂ ಓಡಬಹುದಾದ ಛಂದಸ್ಸು ಅದು. ಪೀಡೆ, ತಲೆನೋವು ಎಂಬ ಅರ್ಥವೂ ಅದೇ ಮಾತಿಗೆ ಹೇಗೆ ಬಂತೆಂದು ಪಂಡಿತರು ಏನಾದರೂ ಹೇಳಲಿ, ನನ್ನ ಮನೆಯವರಿಗೆ ಆ ವಿಷಯದಲ್ಲಿ ಸಂಶಯವೇ ಇಲ್ಲ.

ಹಾಡು ಮಾಡುವುದು ಸುಲಭ, ಕೇಳಿಸುವುದು ಕಷ್ಟ. ಇದಕ್ಕೂ ಫೋನಿನಲ್ಲಿ ಗುರುಗಳಿದ್ದಾರೆ. ಕಂಪನಿಯ ಬೆಂಬಲವಿಲ್ಲದ ಕಲಾವಿದರು ಏನು ಮಾಡಬೇಕೆಂದು ತಲೆಗೆ ಟೋಪಿ ತಿರುಗಿಸಿ ಹಾಕಿಕೊಂಡ ಒಬ್ಬ ಯುವಕ ದಿನಾ ಹೇಳುತ್ತಿದ್ದ. ಚಿಕ್ಕ ಚಿಕ್ಕ ತುಣುಕು ಹಾಕಿ. ವಾರವಾರ ತಪ್ಪದೆ ಹಾಕಿ. ಮೊದಲ ನೂರು ಕೇಳುಗರನ್ನು ಒಬ್ಬೊಬ್ಬರನ್ನಾಗಿ ಹುಡುಕಿ. ನಿಮ್ಮ ಫೋನ್ ನಂಬರನ್ನು ಹಾಡಿನ ಕೆಳಗೇ ಬರೆಯಿರಿ. ಎಲ್ಲವನ್ನೂ ಮಾಡಿದೆ. ನೆಂಟರ ವಾಟ್ಸಾಪ್ ಗುಂಪಿಗೆ ಹಾಡು ಕಳಿಸಿದರೆ ದೊಡ್ಡಪ್ಪ ಗುಲಾಬಿ ಹೂವಿನ ಚಿತ್ರದ ಜೊತೆ ‘ಶುಭೋದಯ’ ಎಂದು ಉತ್ತರ ಕೊಟ್ಟರು. ಆಗ ಮಧ್ಯಾಹ್ನ ಮೂರು ಗಂಟೆ.

ಕೊನೆಗೆ ಬಸ್ಸು ನೆನಪಾಯಿತು. ಬಸ್ಸಿನಲ್ಲಿ ಕುಳಿತವರು ಎದ್ದು ಹೋಗುವಂತಿಲ್ಲ. ಇಂಥ ಕೇಳುಗರು ಬೇರೆಲ್ಲಿ ಸಿಕ್ಕಾರು? ಪಾವಗಡದ ಬಸ್ಸಿನ ಡ್ರೈವರ್ ಓಬಳೇಶನಿಗೆ ಹಾಡನ್ನು ಒಂದು ಪೆನ್ ಡ್ರೈವಿಗೆ ಹಾಕಿ ಕೊಟ್ಟೆ. ಟೈಮ್ ಕೀಪರ್ ಕೇಳಿದರೆ ಇಲ್ಲವೆನ್ನುವುದು ಹೇಗೆ ಎಂದು ಅವನು ತೆಗೆದುಕೊಂಡ. ಜನ ಏನೆನ್ನುತ್ತಾರೋ ಕೇಳಬೇಕೆಂದು ನನ್ನ ರಜೆಯ ದಿನ ಅದೇ ಬಸ್ಸು ಹತ್ತಿ, ಗುರುತು ಸಿಗದ ಹಾಗೆ ತಲೆಗೆ ಟವೆಲ್ಲು ಸುತ್ತಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತೆ. ಪಕ್ಕದಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು, ತೊಡೆಯ ಮೇಲೆ ಸುತ್ತಿಟ್ಟ ಕರಿಯ ಕಂಬಳಿ. ಆಕೆಯ ಹೆಸರು ತಿಮ್ಮಕ್ಕ ಎಂದು ಆಮೇಲೆ ತಿಳಿಯಿತು. ಕುರಿ ಕಾಯುವ ಮನೆತನ, ಪಾವಗಡದ ಆಚೆಯ ಆಂಧ್ರದ ಗಡಿಯ ಊರು.

ಮಿಡಿಗೇಶಿ ದಾಟಿದ ಮೇಲೆ ಓಬಳೇಶ ಹಾಡು ಹಚ್ಚಿದ. ಬಸ್ಸಿನ ತುಂಬ ನನ್ನ ಬೆಂಕಿ. ಮುಂದಿನ ಸೀಟಿನವನು ಪಕ್ಕದವನಿಗೆ, “ಸೊಸೈಟಿ ಎಲೆಕ್ಸನ್ ಬಂತೇನ್ಲಾ?” ಎಂದ. ಇನ್ನೊಬ್ಬರು ಮಗು ಎದ್ದುಬಿಡುತ್ತೆ, ಕಮ್ಮಿ ಮಾಡಿ ಎಂದರು. ತಿಮ್ಮಕ್ಕ ಮಾತ್ರ ಗಮನವಿಟ್ಟು ಕೇಳಿದಳು. ನನ್ನ ಎದೆ ಉಬ್ಬಿತು. ಅವಳು ನನ್ನ ಕಡೆ ತಿರುಗಿದಳು.

“ಏಮಿ ನಾಯ್ನಾ, ಯಾರನ್ನ ಇಂಗೆ ಬೈತಾವ್ನೆ ಇವ್ನು?”

“ಬೈತಿಲ್ಲಮ್ಮ, ಹಾಡ್ತಾವ್ನೆ.”

“ಏನಂತೆ?”

ನನ್ನ ಹಾಡಿನ ತಾತ್ಪರ್ಯವನ್ನು ನಾನೇ ಬಿಡಿಸಿ ಹೇಳಬೇಕಾಯಿತು. “ಅವ್ನು ಬೆಂಕಿಯಂತೆ. ಅವ್ನನ್ನ ಯಾರ್ ಕೈಲೂ ತಡಿಯೋಕಾಗಲ್ವಂತೆ.”

“ಯಾರ್ ತಡದ್ರಂತೆ?”

“ಯಾರೂ ಇಲ್ಲ.”

“ಮತ್ಯಾಕೆ?” ಎಂದಳು ತಿಮ್ಮಕ್ಕ. ವ್ಯಂಗ್ಯವಿರಲಿಲ್ಲ, ತಿಳಿದುಕೊಳ್ಳಲು ಕೇಳಿದ್ದು. ಅಷ್ಟರಲ್ಲಿ ಓಬಳೇಶ ಹಾಡು ನಿಲ್ಲಿಸಿ ಯಾವುದೋ ಹಳೆಯ ಭಕ್ತಿಗೀತೆ ಹಚ್ಚಿದ್ದ. ಇಡೀ ಬಸ್ಸು ಹಗುರವಾಗಿ ಉಸಿರುಬಿಟ್ಟಂತೆ ಕಾಣಿಸಿತು.

ಆಗ ಕಂಡಕ್ಟರ್ ಬಂದು, “ಎಲ್ಲಿಗೆ?” ಎಂದ. ಹೊಸಬ, ನನ್ನನ್ನು ಗುರುತು ಹಿಡಿಯಲಿಲ್ಲ. ನಾನು ಬಾಯಿ ತೆರೆದೆ. “ಪ” ಎಂದೆ. ಮುಂದಕ್ಕೆ ಹೋಗಲಿಲ್ಲ. “ಪ, ಪ” ಎಂದೆ. ಕಂಡಕ್ಟರ್ ಪೆನ್ನು ಹಿಡಿದುಕೊಂಡು ಕಾದ. ತಿಮ್ಮಕ್ಕ ಅವಸರವಿಲ್ಲದೆ ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಕೊನೆಗೆ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿಕೊಂಡು, ತಾಳದ ಮೇಲೆ ಹತ್ತಿಸಿ ‘ಪಾವಗಡ’ ಎಂದೆ.

ಇದನ್ನು ನಿಮಗೆ ಮೊದಲೇ ಹೇಳಬೇಕಿತ್ತು. ನನ್ನ ನಿಜವಾದ ಹೆಸರು ಪುಟ್ಟರಾಜು, ಮತ್ತು ಪಕಾರ ನನಗೆ ಹುಟ್ಟಾ ಬರುವುದಿಲ್ಲ. ಉಗ್ಗು. ಹುಟ್ಟಿದ್ದು ಐ.ಡಿ.ಹಳ್ಳಿ, ಸ್ವರಾಕ್ಷರದ ಊರು, ಸುಖವಾಗಿದ್ದೆ. ಹೈಸ್ಕೂಲಿಗೆ ಪಾವಗಡದ ಹಾಸ್ಟೆಲ್ಲಿಗೆ ಹಾಕಿದರು. ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ಆ ಹೆಸರು ಬಾಯಿಗೆ ಬಾರದೆ, ಜನ ನಗುತ್ತಾರೆಂದು, ಒಂದು ಸ್ಟಾಪು ಮುಂಚಿನ ಹಳ್ಳಿಗೆ ಟಿಕೆಟ್ ತೆಗೆದುಕೊಳ್ಳುತ್ತಿದ್ದೆ. ಅಲ್ಲಿ ಇಳಿದು ತಗಡಿನ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಮೂರು ಕಿಲೋಮೀಟರು ನಡೆಯುತ್ತಿದ್ದೆ. ಆ ದಾರಿಯಲ್ಲಿ, ಯಾರೂ ಇಲ್ಲದಾಗ, ಹೆಜ್ಜೆಯ ತಾಳಕ್ಕೆ ಸರಿಯಾಗಿ ‘ಪಾವಗಡ ಪಾವಗಡ’ ಎಂದು ಹೇಳುತ್ತ ಹೋದರೆ ಮಾತು ನೀರಿನಂತೆ ಬರುತ್ತಿತ್ತು. ಮೈಕಿನ ಕೆಲಸ ನನ್ನ ಕೈಲಾಗುತ್ತಿರುವುದೂ ಹೀಗೆಯೇ. ಮೇಜಿನ ಕೆಳಗೆ ಕಾಲು ಕುಟ್ಟುತ್ತಿರುತ್ತದೆ. ಏಕಶಿಲೆ ಎಂಬ ಬಿರುದಿಗೂ ಬೆಟ್ಟಕ್ಕೂ ಅಂಥ ಸಂಬಂಧವಿಲ್ಲ. ಅದು ‘ಏ’ಯಿಂದ ಶುರುವಾಗುತ್ತದೆ, ಅಷ್ಟೇ.

ತಿಮ್ಮಕ್ಕನ ಪ್ರಶ್ನೆಗೆ ಬಸ್ಸು ಇಳಿಯುವ ಹೊತ್ತಿಗೆ ಉತ್ತರ ಹೊಳೆದಿತ್ತು. ನನ್ನನ್ನು ತಡೆದ ಶತ್ರು ಒಬ್ಬನಿದ್ದ. ಅವನನ್ನು ಬಾಯೊಳಗೇ ಇಟ್ಟುಕೊಂಡು ಊರಿನ ಮೇಲೆಲ್ಲ ಕತ್ತಿ ಬೀಸಿದ್ದೆ. ಅವಳಿಗೆ ಹೇಳೋಣವೆಂದು ತಿರುಗಿದರೆ, ಅವಳು ಕಂಬಳಿ ಹೆಗಲಿಗೇರಿಸಿ ನಿಲ್ದಾಣದ ಜನರೊಳಗೆ ಹೋಗಿಬಿಟ್ಟಿದ್ದಳು.

ಹತ್ತು ದಿನ ಕುಳಿತು ಹೊಸ ಹಾಡು ಬರೆದೆ. ಶುರು ಹೀಗೆ:

ಬಾಯಿಗೊಂದು ಗೇಟು, ಗೇಟಿಗೊಂದು ಬೀಗ,
ಕಂಡಕ್ಟರ್ ನಿಂತವ್ನೆ, ‘ಎಲ್ಲಿಗ್ಲಾ? ಹೇಳು ಬೇಗ.’

ಶಿರಾದ ಮೂಟೆಗಳ ನಡುವೆ ಅದನ್ನು ಹಾಡುವಾಗ, ತಾಳವಿದ್ದರೂ, ಟ್ರಂಕಿನ ಸಾಲಿಗೆ ಬಂದಾಗ ‘ಪ’ದ ಮೇಲೆ ನಿಂತುಬಿಟ್ಟೆ. ಮೂರು ಸಲ ಉಗ್ಗಿ ದಾಟಿದೆ. ಕ್ಷಮಿಸು, ಮತ್ತೆ ಹಾಡುತ್ತೇನೆ ಎಂದೆ.

“ಬ್ಯಾಡ ಭಾಯ್,” ಎಂದ ಇಮ್ರಾನ್. “ಅದನ್ನ ಕಟ್ ಮಾಡಲ್ಲ. ಇಡೀ ಹಾಡಲ್ಲಿ ಅದೇ ಅಸಲಿ.”

“ಜನ ನಗ್ತಾರೆ.”

“ಹೋದ್ಸಲ ನಗಲಿಲ್ವಲ್ಲ, ಏನಾಯ್ತು? ನಲವತ್ಮೂರು.”

ಮನೆಯಲ್ಲಿ ಮಂಜುಳ ಹಾಡನ್ನು ಕೇಳಿದಳು. ಎರಡನೆಯ ಸಲ ತಾನಾಗಿಯೇ ಹಚ್ಚಿಕೊಂಡಳು. ಕುಕ್ಕರ್ ಕೂಗುತ್ತಲೇ ಇತ್ತು, ಏಳಲಿಲ್ಲ.

“ಟ್ರಂಕ್ ಹೊತ್ಕೊಂಡ್ ಅಷ್ಟ್ ದೂರ ನಡೀತಿದ್ರಾ? ಮದ್ವೆ ಆಗಿ ಹನ್ನೊಂದ್ ವರ್ಷ ಆಯ್ತು, ನಂಗ್ಯಾಕ್ ಹೇಳ್ಲಿಲ್ಲ?”

“ಎಲ್ಲಿಗೆ ಅಂತ ನೀನು ಕೇಳ್ತಿದ್ದೆ. ಪಾವಗಡ ಅನ್ನಬೇಕಾಗ್ತಿತ್ತು.”

ಅವಳು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಈರುಳ್ಳಿಯ ನೆಪ ಹೇಳಲಿಲ್ಲ. ಅಂದು ಮಾಡಿದ್ದು ಬರೀ ಬೇಳೆ ಸಾರು.

ಹಾಡು ಊರೂರನ್ನೇ ಕುಣಿಸಿತು, ಪತ್ರಿಕೆಯಲ್ಲಿ ನನ್ನ ಚಿತ್ರ ಬಂತು ಎಂದೆಲ್ಲ ನೀವು ಕಾಯುತ್ತಿದ್ದರೆ ಕ್ಷಮಿಸಿ. ಓಬಳೇಶ ಹಚ್ಚಿದಾಗ ಈ ಸಲ ಯಾರೂ ನಿಲ್ಲಿಸು ಎನ್ನಲಿಲ್ಲವಂತೆ. ಒಬ್ಬರು, “ಆ ತೊದಲೋ ಅಯ್ಯನ್ದು ಇನ್ನೊಂದ್ಸಲ ಹಾಕಪ್ಪ” ಎಂದರಂತೆ. ತೊದಲೋ ಅಯ್ಯ. ಏಕಶಿಲೆ ಅಲ್ಲಿಗೆ ಪುಡಿಯಾಯಿತು. ಕೇಳಿದವರ ಲೆಕ್ಕ ಇನ್ನೂರು ದಾಟಿತು, ಅದರಲ್ಲಿ ನನ್ನ ಪಾಲು ಮರ್ಯಾದೆಯಿಂದ ಹೇಳಿಕೊಳ್ಳುವಷ್ಟೇ. ನಂಬರ್ ಬರೆದದ್ದಕ್ಕೆ ಕರೆಗಳೂ ಬಂದವು. ಹೆಚ್ಚಿನವು ಶಿರಾ ಬಸ್ಸು ಎಷ್ಟೊತ್ತಿಗೆ ಎಂದು ಕೇಳುವವು.

ಒಂದು ಬೆಳಗ್ಗೆ, ಹತ್ತೂವರೆಯ ಸುಮಾರಿಗೆ, ಗೂಡಿನಲ್ಲಿ ಕುಳಿತಿದ್ದಾಗ ಫೋನು ಬಂತು. ಹಲೋ ಎಂದೆ. ಆ ಕಡೆ ಮಾತಿಲ್ಲ. ಲೈನು ಕೆಟ್ಟಿದೆ ಎಂದು ಇನ್ನೊಬ್ಬರು ಇಟ್ಟುಬಿಡುತ್ತಿದ್ದರೇನೋ. ಆದರೆ ಆ ಮೌನ ನನಗೆ ಗೊತ್ತಿದ್ದದ್ದು. ಉಸಿರು ಒಂದು ಅಕ್ಷರದ ಬಾಗಿಲಿಗೆ ಭುಜ ಕೊಟ್ಟು ನೂಕುತ್ತಿರುವ ಮೌನ ಅದು. “ನಿಧಾನಕ್ಕೆ ಹೇಳಿ, ನಾನಿಲ್ಲೇ ಇರ್ತೀನಿ” ಎಂದೆ.

“ಕ... ಕ...” ಎಂದಿತು ಒಂದು ಹೆಣ್ಣುದನಿ. ಎಷ್ಟೋ ಹೊತ್ತಿನ ಮೇಲೆ, “ಕೊರಟಗೆರೆಯಿಂದ. ಕೋಮಲ ಅಂತ.”

ಆಕೆ ಬಟ್ಟೆ ಹೊಲಿಯುವವಳು. ತವರು ಶಿರಾದಲ್ಲಿದ್ದಾಗ ಹೆಸರೊಂದೇ ತೊಂದರೆ. ಮದುವೆಯಾದ ಮೇಲೆ ಊರೂ ತೊಂದರೆಯಾಯಿತು. “ಅಕ್ಷರ ಎಷ್ಟೊಂದ್ ಅವೆ ಅಣ್ಣ. ನೋಡಿ ನೋಡಿ ಕ-ಗೇ ಕೊಟ್ರು” ಎಂದಳು. ಹೊಲಿಸಲು ಬಂದವರ ಹತ್ತಿರ ಮಾತು ಕಡಿಮೆ, ಹಾಗಾಗಿ ಗರ್ವದವಳೆಂಬ ಹೆಸರು. ಹಾಡಿನಲ್ಲಿ ನಾನು ನಿಂತುಬಿಟ್ಟ ಜಾಗ ಬಂದಾಗ ಹೊಲಿಗೆ ಮಿಷನ್ ನಿಲ್ಲಿಸಿದಳಂತೆ. ಫೋನು ಮಾಡಬೇಕೆಂದುಕೊಂಡು ಎಂಟು ದಿನವಾಗಿತ್ತಂತೆ. ಕತ್ತರಿಯ ಹಿಡಿಯಿಂದ ಮೇಜಿನ ಮೇಲೆ ತಾಳ ಹಾಕಿ ನೋಡು ಎಂದು ಹೇಳಿಕೊಟ್ಟೆ. ಟಕ್ ಟಕ್ ಎಂದು ಕೇಳಿಸಿತು. ಟಕ್ಕಿನ ಮೇಲೆ ‘ಕೋಮಲ’ ಎಂದಳು, ಇನ್ನೊಂದು ಟಕ್ಕಿನ ಮೇಲೆ ‘ಕೊರಟಗೆರೆ’. ಆಮೇಲೆ ಇಬ್ಬರೂ ಯಾಕೋ ನಗತೊಡಗಿದೆವು. ಇಪ್ಪತ್ತು ನಿಮಿಷ ಅವಳು ಹೇಳಿದಳು, ನಾನು ಕೇಳಿದೆ. ನನ್ನ ಹಾಡು ಹೇಗಿತ್ತೆಂದು ಕೇಳುವುದು ನನಗೆ ನೆನಪೇ ಆಗಲಿಲ್ಲ, ಇಂಥದು ಹಿಂದೆಂದೂ ನಡೆದಿರಲಿಲ್ಲ.

ಫೋನಿಟ್ಟು ತಲೆ ಎತ್ತಿದರೆ ಗಡಿಯಾರದಲ್ಲಿ ಹನ್ನೊಂದಾಗಿತ್ತು. ಹತ್ತೂಮುಕ್ಕಾಲರ ಶಿರಾ ಬಸ್ಸನ್ನು ನಾನು ಕೂಗಿಯೇ ಇರಲಿಲ್ಲ. ಓಡಿ ಹೋಗಿ ನೋಡಿದೆ. ಬಸ್ಸು ಹೊರಟು ಹೋಗಿತ್ತು, ಹೊತ್ತಿಗೆ ಸರಿಯಾಗಿ, ಜನ ತುಂಬಿಕೊಂಡು. ಯಾರೂ ನನ್ನ ದನಿಗೆ ಕಾದಿರಲಿಲ್ಲ. ಬೋರ್ಡು ಓದಿ ಹತ್ತಿಕೊಂಡಿದ್ದರು.