ಒಲೆ ಮುಂದಿನ ಹೈಸ್ಕೂಲು

ನಾನು ಮೂರು ವರ್ಷ ಹೈಸ್ಕೂಲು ನಡೆಸಿದವಳು ಎಂದರೆ ನಮ್ಮ ಮನೆಯವರೇ ನಗುತ್ತಾರೆ. ನಗಲಿ. ಹೈಸ್ಕೂಲು ಇದ್ದದ್ದು ನಮ್ಮ ಅಡುಗೆಮನೆಯಲ್ಲಿ. ಅದರ ಮುಖ್ಯೋಪಾಧ್ಯಾಯಿನಿ ನಾನೇ, ಕಸ ಹೊಡೆಯುವ ಜವಾನಳೂ ನಾನೇ. ವಿದ್ಯಾರ್ಥಿನಿಯರು ಒಂದೂವರೆ. ದೊಡ್ಡ ಮಗಳು ಗಿರಿಜಾ ಪೂರ್ತಿ ವಿದ್ಯಾರ್ಥಿನಿ. ಚಿಕ್ಕವಳು ಸುಮಾ ತನ್ನ ಶಾಲೆಗೆ ಹೊರಡುವ ತನಕ ಅಕ್ಕನ ಪಕ್ಕ ಕೂತು, ಚಹಾ ಕುಡಿಯುತ್ತ, ಸಂಬಂಧವಿಲ್ಲದ ಪ್ರಶ್ನೆ ಕೇಳುತ್ತಿದ್ದಳಾದ್ದರಿಂದ ಅವಳು ಅರ್ಧ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಜವಳಗೇರಾದಿಂದ ಆಚೆ, ಕಾಲುವೆ ದಂಡೆಗೆ ನಮ್ಮ ಭತ್ತದ ಗದ್ದೆ. ಮನೆಯೂ ಅಲ್ಲೇ. ಸಮೀಪದ ಶಾಲೆ ಏಳನೆಯ ತರಗತಿಗೆ ಮುಗಿಯುತ್ತಿತ್ತು. ಗಿರಿಜಾ ಏಳು ಪಾಸಾದಳು. ಮುಂದೆ ಓದಬೇಕೆಂದರೆ ಬಸ್ಸು ಹತ್ತಿ ಸಿಂಧನೂರಿಗೆ ಹೋಗಬೇಕು. ನಮ್ಮತ್ತೆಗೆ ಶಿವನ ಮೇಲೆ ಎಷ್ಟು ನಂಬಿಕೆಯೋ ಬಸ್ಸಿನ ಮೇಲೆ ಅಷ್ಟೇ ಅಪನಂಬಿಕೆ.

"ಗಂಡಸರು ಜೋತುಬಿದ್ದು ಹೋಗೋ ಗಾಡ್ಯಾಗ ನಮ್ಮ ಹುಡುಗಿ ಹ್ಯಾಂಗ ಹೋಗ್ತಾಳ?" ಎಂದರು.

ನನ್ನ ಗಂಡ ತಾಯಿಯ ಮಾತಿಗೆ ತಲೆಯಾಡಿಸಿದರು, ನನ್ನ ಮಾತಿಗೂ ತಲೆಯಾಡಿಸಿದರು, ಆಮೇಲೆ ಗದ್ದೆಗೆ ನೀರು ಬಿಡಲು ಹೋದರು. ಜಗಳವೆದ್ದಾಗಲೆಲ್ಲ ಅವರ ಗದ್ದೆಗೆ ನೀರು ಬೇಕಾಗುತ್ತಿತ್ತು. ನಾನು ಲಿಂಗಸುಗೂರಿನ ತವರಿನಲ್ಲಿದ್ದಾಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಆ ಒಂದು ಸೊಕ್ಕಿನ ಮೇಲೆ, "ಹಾಂಗಾದ್ರ ಮನ್ಯಾಗ ನಾನ ಕಲಿಸ್ತೀನ್ರಿ ಅತ್ತಿ. ಹೊರಗಿಂದ ಪರೀಕ್ಷಾ ಕಟ್ಟಸೂಣು," ಎಂದುಬಿಟ್ಟೆ.

"ಕಲಿಸವ್ವ, ಬ್ಯಾಡಂದೋರ್ಯಾರು? ಬುತ್ತಿ ಮಾತ್ರ ಹೊತ್ತಿಗೆ ತಯಾರಿರಬೇಕು," ಎಂದರು ಅತ್ತೆ.

ಅವರು ಎಷ್ಟು ಸುಲಭವಾಗಿ ಒಪ್ಪಿದರೆಂದು ಆಗ ಹಿಗ್ಗಿದೆ. ಅದು ಯಾಕೆಂದು ಮರುದಿನ ಮುಂಜಾನೆ ತಿಳಿಯಿತು. ಬಿಸಿಲೇರುವ ಮೊದಲು ಎಮ್ಮೆ ಹಿಂಡಬೇಕು, ಒಲೆ ಹೊತ್ತಿಸಬೇಕು, ರೊಟ್ಟಿ ಬಡಿಯಬೇಕು, ಪಲ್ಯ ಮಾಡಬೇಕು, ನಾಟಿಯ ಹೆಣ್ಣಾಳುಗಳು ಬರುವಷ್ಟರಲ್ಲಿ ಗಂಡನ ಕೈಗೆ ಬುತ್ತಿ ಕೊಡಬೇಕು. ಈ ಸಂದಿಯಲ್ಲೇ ಬೀಜಗಣಿತವೂ ಆಗಬೇಕು.

ಹಿಂದಿನ ಗುರುಕುಲಗಳಲ್ಲಿ ಶಿಷ್ಯರು ಕಟ್ಟಿಗೆ ತರುತ್ತಿದ್ದರಂತೆ, ದನ ಕಾಯುತ್ತಿದ್ದರಂತೆ. ಗುರುಗಳು ಮರದ ಕೆಳಗೆ ಕೂತು ತತ್ತ್ವ ಹೇಳುತ್ತಿದ್ದರಂತೆ. ನಮ್ಮಲ್ಲಿ ಕಟ್ಟಿಗೆಯೂ ದನವೂ ಗುರುವಿನ ಪಾಲು. ಶಿಷ್ಯೆ ಕಂಬಕ್ಕೆ ಒರಗಿ, ಆಕಳಿಸಿ, "ಮುಂದ ಹೇಳವ್ವ," ಎನ್ನುತ್ತಿದ್ದಳು. ಉಪನಿಷತ್ತು ಎಂದರೆ ಹತ್ತಿರ ಕುಳಿತು ಕಲಿಯುವುದು ಎಂದು ಬಲ್ಲವರು ಅರ್ಥ ಹೇಳುತ್ತಾರೆ. ಎಷ್ಟು ಹತ್ತಿರ ಎಂದು ಅವರು ಹೇಳಿಲ್ಲ. ನಾವಿಬ್ಬರೂ ಒಂದೇ ಹೊಗೆಗೆ ಒಟ್ಟಿಗೆ ಕಣ್ಣೀರು ಹಾಕುವಷ್ಟು ಹತ್ತಿರ ಕೂತಿರುತ್ತಿದ್ದೆವು.

ಅಡುಗೆಮನೆಗೆ ಹೊಂದಿಕೊಂಡೇ ದೇವರ ಕೋಣೆ. ನಡುವೆ ಬಾಗಿಲಿಲ್ಲ. ಅತ್ತೆ ವಿಭೂತಿ ಹಚ್ಚಿಕೊಂಡು, ಅಂಗೈಮೇಲೆ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚುವ ಹೊತ್ತೇ ನಮ್ಮ ವಿಜ್ಞಾನದ ಹೊತ್ತು. ಒಂದು ದಿನ ಅವರು ಕಣ್ಣು ತೆರೆಯದೆಯೇ ಹೇಳಿದರು:

"ನೀಲಮ್ಮ, ಕಣ್ಣು ಮುಚ್ಚಿದ್ರ ಶಿವ ಬರಬೇಕು. ನನಗ ಆಮ್ಲಜನಕ ಬರಾಕತ್ತೈತಿ."

"ಅದಿಲ್ಲಂದ್ರ ಶಿವನ್ನ ನೆನಿಯಾಕ ಉಸಿರ ಇರಂಗಿಲ್ಲ ಅಜ್ಜಿ," ಎಂದಳು ಗಿರಿಜಾ.

ಅತ್ತೆ ಕಣ್ಣು ಮುಚ್ಚಿಕೊಂಡೇ ಉದ್ದಕ್ಕೆ ಒಂದು ಉಸಿರೆಳೆದುಕೊಂಡರು. ಅದು ಸಿಟ್ಟೋ ಒಪ್ಪಿಗೆಯೋ ನನಗೆ ಗೊತ್ತಾಗಲಿಲ್ಲ.

ನನ್ನ ಪಾಂಡಿತ್ಯದ ಬಗ್ಗೆಯೂ ಎರಡು ಮಾತು ಹೇಳಬೇಕು. ಇಂಗ್ಲಿಷಿನಲ್ಲಿ ಚಾಕುವಿಗೆ ‘ಕ್ನೈಫ್’ ಎಂದು ಧೈರ್ಯವಾಗಿ ಕಲಿಸಿದವಳು ನಾನು. ಬರೆದ ಅಕ್ಷರವನ್ನು ಓದದೆ ಬಿಡುವುದು ಅನ್ಯಾಯ ಎಂಬುದು ನನ್ನ ನಿಲುವಾಗಿತ್ತು. ಗಣಿತದಲ್ಲಿ ಎಂಟನೆಯ ತರಗತಿಯನ್ನು ದರ್ಪದಿಂದ ಕಲಿಸಿದೆ, ಒಂಬತ್ತನೆಯದನ್ನು ಹಿಂದಿನ ದಿನವೇ ಕದ್ದು ಓದಿಕೊಂಡು ಕಲಿಸಿದೆ. ಹತ್ತಕ್ಕೆ ಬರುವಷ್ಟರಲ್ಲಿ ಒಂದು ಮುಂಜಾನೆ ಗಿರಿಜಾ ನನ್ನ ಕೈಯ ಪಾಟಿಯನ್ನು ಮೆತ್ತಗೆ ತೆಗೆದುಕೊಂಡು, "ಅವ್ವ, ನೀ ರೊಟ್ಟಿ ನೋಡು, ಹತ್ತಾಕತ್ತೈತಿ. ಲೆಕ್ಕ ನಾ ನೋಡ್ತೀನಿ," ಎಂದಳು. ರೊಟ್ಟಿ ಸೀಯುತ್ತಿರಲಿಲ್ಲ. ಲೆಕ್ಕ ತಪ್ಪಿದೆ ಎಂದು ತಾಯಿಗೆ ಹೇಳಲು ಅವಳು ಕಂಡುಕೊಂಡ ಮರ್ಯಾದೆಯ ದಾರಿ ಅದು. ಅಂದು ನನಗೆ ನಾಚಿಕೆಯೂ ಆಯಿತು, ಮಗಳು ನನ್ನನ್ನು ದಾಟಿ ಮುಂದೆ ಹೋದಳೆಂಬ ಹೆಮ್ಮೆಯೂ ಆಯಿತು. ಅಂದಿನಿಂದ ಅವಳು ಪಾಠ ಒಪ್ಪಿಸುತ್ತ ರೊಟ್ಟಿ ಬಡಿಯುವುದು, ನಾನು ಪುಸ್ತಕ ಹಿಡಿದು ಕೇಳುವುದು ಎಂದಾಯಿತು.

ಪರೀಕ್ಷೆ ಇನ್ನೇನು ಹತ್ತಿರ ಬಂತು ಎನ್ನುವಾಗ ಮಸ್ಕಿಯ ಕಿರಾಣಿ ಅಂಗಡಿಯವರ ಮನೆಯಿಂದ ಗಿರಿಜಾಳಿಗೆ ಸಂಬಂಧ ಬಂತು. ಅತ್ತೆಗೆ ಬಹಳ ಖುಷಿ. "ಮನಿತನ ಚೊಲೊ ಐತಿ. ಶಿವರಾತ್ರಿ ಆದ ಮ್ಯಾಲೆ ಲಗ್ನ ಮಾಡೂಣು," ಎಂದರು. ಅಂದರೆ ಪರೀಕ್ಷೆಗೆ ಮೊದಲು. ನಾನು ವಾದಿಸಿದೆ, ಕಣ್ಣೀರು ಹಾಕಿದೆ, ಊಟ ಬಿಟ್ಟೆ. "ನೋಡಿ ಹೋದ್ರ ಹುಡುಗಿ ಏನ್ ಸವೆದು ಹೋಗ್ತಾಳೇನು?" ಎಂದು ಅತ್ತೆ ಬರಹೇಳಿಯೇಬಿಟ್ಟರು. ನನ್ನ ಗಂಡ ತಲೆಯಾಡಿಸಿದರು. ಗದ್ದೆಗೆ ಮತ್ತೆ ನೀರು ಬೇಕಾಯಿತು.

ಮಧ್ಯಾಹ್ನ ಬರಬೇಕಾದವರು ಮೊದಲನೆಯ ಬಸ್ಸು ಸಿಕ್ಕಿತೆಂದು ಮುಂಜಾನೆಯೇ ಬಂದರು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಸುಮಾಳ ಒಂದು ಜಡೆ ಮಾತ್ರ ಹೆಣೆದಾಗಿತ್ತು. ಗಿರಿಜಾ ಮೊಣಕೈತನಕ ಹಿಟ್ಟು ಮಾಡಿಕೊಂಡು, ತಲೆ ಬಾಚದೆ, ಹೃದಯದ ಪಾಠ ಒಪ್ಪಿಸುತ್ತಿದ್ದಳು. "ನಾಲ್ಕು ಕೋಣಿ ಅದಾವ. ಮ್ಯಾಲೆರಡು, ಕೆಳಗೆರಡು. ನಡುವ ಗ್ವಾಡಿ ಐತಿ."

ಹೊಸ್ತಿಲಲ್ಲಿ ನಿಂತಿದ್ದ ಹುಡುಗನ ದೊಡ್ಡಪ್ಪ ಕೇಳಿದರು: "ಮಾಳಿಗಿ ಮನಿ ಕಟ್ಟಸಾಕತ್ತೀರೇನ್ರಿ?"

ಹೇಗೋ ಚಾಪೆ ಹಾಸಿ ಕೂಡಿಸಿ, ಚಹಾ ಕೊಟ್ಟೆ. ಗಿರಿಜಾ ಮುಖ ತೊಳೆದು ಬಂದು, ನಮಸ್ಕಾರ ಮಾಡಿ ಒಳಗೆ ಹೋದಳು. ಹೋಗುವಾಗ ನನ್ನ ಮುಖವನ್ನೊಮ್ಮೆ ನೋಡಿದಳು. ಆ ನೋಟದ ಮುಂದೆ ನನ್ನ ಮೂರು ವರ್ಷದ ಹೊಗೆ ಏನೂ ಅಲ್ಲ ಎನಿಸಿತು. ದೊಡ್ಡಪ್ಪ ಒಳ್ಳೆಯ ಮನುಷ್ಯರು. "ಹುಡುಗಿ ನಮಗ ಪಸಂದ ಅದಾಳ್ರಿ. ಶಿವರಾತ್ರಿ ಆದ ಕೂಡ್ಲೆ ಲಗ್ನ ಇಟಗೊಳ್ಳೂಣು. ಇನ್ನ ಪರೀಕ್ಷಾ ಯಾಕ್ರಿ, ನಮ್ಮ ಮನಿಗೆ ಇಷ್ಟು ಓದು ಸಾಕು," ಎಂದರು.

ನನ್ನ ಗಂಡನ ಕುತ್ತಿಗೆ ಆಗಲೇ ತಲೆಯಾಡಿಸಲು ಸಿದ್ಧವಾಗುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯ ದನಿ ಕೇಳಿಸಿತು.

"ಲಗ್ನ ಪರೀಕ್ಷಾ ಆದ ಮ್ಯಾಲೆ ನೋಡೂಣ್ರಿ."

"ನೀವ ಅವಸರ ಮಾಡಿದ್ರೆಲ್ರಿ ತಾಯಿ?"

"ಮಾಡಿದ್ದೆ. ಆದ್ರ ಈಗ ಆ ಹುಡುಗಿ ಮಾರಿ ನೋಡಿದೆ," ಎಂದರು ಅತ್ತೆ. ಇಷ್ಟು ಮೆತ್ತಗಿನ ಮಾತು ತಮಗೆ ಒಪ್ಪುವುದಿಲ್ಲವೆಂದು ಅವರಿಗೇ ಅನಿಸಿರಬೇಕು. ದನಿ ಏರಿಸಿ ಮುಂದುವರಿಸಿದರು: "ಮೂರು ವರ್ಷ ಈಕಿ ಪಾಠ ಕೇಳಿ ಕೇಳಿ ನನ್ನ ಪೂಜಿ ಕೆಟ್ಟೈತ್ರಿ. ಈಗ ಪರೀಕ್ಷಾ ಬಿಟ್ಳಂದ್ರ ನನ್ನ ಪೂಜಿನೂ ಹೋತು, ಈಕಿ ಓದೂ ಹೋತು. ಒಂದಾದ್ರೂ ದಕ್ಕಬೇಕಲ್ರಿ."

ದೊಡ್ಡಪ್ಪ ಬಸಿಯಲ್ಲಿ ಉಳಿದಿದ್ದ ಚಹಾ ಕುಡಿದು ಮುಗಿಸಿ, "ಮಾತು ಬರೋಬರಿ ಐತ್ರಿ," ಎಂದರು. ಬಿಸಿ ರೊಟ್ಟಿ ಉಂಡು ಹೋದರು. ಮತ್ತೆ ಬರಲಿಲ್ಲ. ಅವರು ಹೋದಮೇಲೆ ನನ್ನ ಗಂಡ, "ನಾನೂ ಅದನ್ನ ಹೇಳಬೇಕಂತ ಮಾಡಿದ್ದೆ," ಎಂದರು.

ಗಿರಿಜಾ ಪರೀಕ್ಷೆ ಬರೆದಳು. ಎಲ್ಲ ವಿಷಯಗಳಲ್ಲಿ ಪಾಸಾದಳು, ನಾನು ಮೈಯೆಲ್ಲ ಉತ್ಸಾಹ ತುಂಬಿಕೊಂಡು ಕಲಿಸಿದ ಇಂಗ್ಲಿಷೊಂದನ್ನು ಬಿಟ್ಟು. ಎರಡನೆಯ ಸಲ ನನ್ನ ನೆರವನ್ನು ವಿನಯದಿಂದ ನಿರಾಕರಿಸಿ ಅದನ್ನೂ ದಾಟಿದಳು. ಲಿಂಗಸುಗೂರಿನಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದುಕೊಂಡು ಕಾಲೇಜು ಸೇರಿದಳು.

ಆಮೇಲೆ ಸುಮಾ ಏಳು ಪಾಸಾದಳು. ನಾನು ಅಕ್ಕನ ಹಳೆಯ ಪುಸ್ತಕಗಳ ಧೂಳು ಜಾಡಿಸಿ ಒಲೆಯ ಹತ್ತಿರ ಜೋಡಿಸಿದೆ. ಅತ್ತೆ ಅದನ್ನು ನೋಡಿದರು.

"ಮತ್ತ ಸುರು ಮಾಡ್ತೀ ಏನು?"

"ಹೂಂನ್ರಿ ಅತ್ತಿ."

"ಬ್ಯಾಡ. ಬಸ್ಸಿಗೆ ಕಳಸು."

"ನೀವ ಬಸ್ ಬ್ಯಾಡಂದಿದ್ರಿ."

"ಬಸ್ ಬರತೈತಿ, ಹೋಗತೈತಿ. ನಿನ್ನ ಪಾಠ ದಿನಾ ಮನ್ಯಾಗ ಇರತೈತಿ."

ಹೆಣ್ಣುಮಕ್ಕಳ ವಿದ್ಯೆಯ ಬಗ್ಗೆ ನಾನು ಅವರೊಡನೆ ಮಾಡಿದ ವಾದಗಳನ್ನು ಕೂಡಿಸಿದರೆ ಒಂದು ಪುರಾಣವಾದೀತು. ಒಂದರಲ್ಲೂ ಗೆದ್ದಿರಲಿಲ್ಲ. ವಾದದಿಂದ ಆಗದ್ದು ಗದ್ದಲದಿಂದ ಆಗುತ್ತದೆ ಎಂದು ಯಾವ ಶಾಸ್ತ್ರಕಾರನೂ ಬರೆದಂತಿಲ್ಲ; ಅವರ ಮನೆಗಳಲ್ಲಿ ಮುಂಜಾನೆಯ ಹೊತ್ತು ಮಕ್ಕಳು ಓದುತ್ತಿರಲಿಲ್ಲವೋ ಏನೋ.

ಮೊದಲ ದಿನ ಅತ್ತೆ ತಾವೇ ರಸ್ತೆಯವರೆಗೆ ಬಂದರು. ಕಂಡಕ್ಟರನನ್ನು ಕರೆದು, "ತಮ್ಮಾ, ಈಕಿನ್ನ ಮುಂದಿನ ಸೀಟಿಗೆ ಕುಂದ್ರಸು. ಸಂಜಿಕ ಹಿಂಗ ತಂದು ಇಲ್ಲೇ ಇಳಸು," ಎಂದು ತುಂಬಿದ ಗಡಿಗೆ ಒಪ್ಪಿಸುವವರಂತೆ ಮೊಮ್ಮಗಳನ್ನು ಒಪ್ಪಿಸಿದರು. ಬಸ್ಸು ಹೊರಟಿತು.

"ನಡಿ, ಇವತ್ತಾದ್ರೂ ಸಮಾಧಾನದಿಂದ ಪೂಜಿ ಮಾಡ್ತೀನಿ," ಎಂದರು ನನಗೆ. ಎಂದವರು ಧೂಳು ಅಡಗುವ ತನಕ ಅಲ್ಲಿಂದ ಕದಲಲಿಲ್ಲ.