ಹಾಡು ಓಡಿಸಿದ ಭಾನುವಾರ

ನಾನು ಒಂದು ಸಿನಿಮಾವನ್ನು ಕೊಂದೆ. ರಿಮೋಟಿನಿಂದ. ಹದಿನೇಳು ಜನ ಸಾಕ್ಷಿಗಳ ಎದುರಿಗೇ.

ಚೆನ್ನೈನ ಕ್ರೋಂಪೇಟೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಂಟು ಕನ್ನಡ ಸಂಸಾರಗಳಿವೆ. ರೈಲ್ವೆ, ಬ್ಯಾಂಕು, ಇನ್ಶೂರೆನ್ಸು ಎಂದು ಎಲ್ಲರೂ ಸಂಬಳದವರು. ಸೀರೆ ವ್ಯಾಪಾರದವಳು ನಾನೊಬ್ಬಳೇ. ತಿಂಗಳಿಗೊಂದು ಭಾನುವಾರ ಕೆಳಗಿನ ಹಾಲಿನಲ್ಲಿ ಸೇರಿ ಸಿನಿಮಾ ನೋಡುತ್ತೇವೆ. ವಿಸಿಡಿ ತರುವುದು, ಪ್ಲೇಯರ್ ಜೋಡಿಸುವುದು, ರಿಮೋಟ್ ಹಿಡಿಯುವುದು ಎಲ್ಲ ನನ್ನ ಕೆಲಸ. ಯಾರೂ ಕೊಟ್ಟದ್ದಲ್ಲ, ನಾನೇ ತೆಗೆದುಕೊಂಡದ್ದು. (ಅಧಿಕಾರ ಬೇಕಾದರೆ ಕೇಳುತ್ತ ಕೂರಬೇಡಿ, ಎತ್ತಿಕೊಳ್ಳಿ. ಸೀರೆ ಗಂಟು ಹೊತ್ತು ಮನೆಮನೆ ತಿರುಗಿ ಅಂಗಡಿ ಇಟ್ಟವಳ ಮಾತಿದು.)

ಈ ಸಲದ ಸಿನಿಮಾ ಎರಡನೇ ಮಹಡಿಯ ಕಮಲಮ್ಮನವರ ಕೋರಿಕೆ. ಎಪ್ಪತ್ತರ ಹತ್ತಿರದವರು, ಮೈಸೂರು ಕಡೆಯವರು. ಮಗ, ಸೊಸೆ, ಮೊಮ್ಮಗಳ ಜೊತೆಗಿದ್ದಾರೆ. ಹಿಂದೆ ಸಿನಿಮಾ ಸ್ಟುಡಿಯೋಗಳಿರುವ ಕೋಡಂಬಾಕ್ಕಂನಲ್ಲಿ "ಕೆಲಸದಲ್ಲಿದ್ದೆ" ಎನ್ನುತ್ತಿದ್ದರು. ಟೈಲರಿಂಗ್ ಇರಬೇಕು ಅಂದುಕೊಂಡಿದ್ದೆ. ನೋಡಿದ ಕೂಡಲೇ ಬ್ಲೌಸಿನ ಅಳತೆ ಹೇಳುವ ಹೆಂಗಸು ಬೇರೇನು ಮಾಡಿರಲು ಸಾಧ್ಯ?

ಒಂದು ದಿನ ಮೆಟ್ಟಿಲಲ್ಲಿ ಕೈ ಹಿಡಿದು ನಿಲ್ಲಿಸಿದರು.

"ಒಂದು ಹಳೇ ಇಂಗ್ಲಿಷ್ ಪಿಕ್ಚರ್ ಇದೆಯಮ್ಮ. ಹಾಡು, ಡ್ಯಾನ್ಸು ತುಂಬಿರೋದು. ಟೋಪಿ ಅಂಗಡಿ ಹುಡುಗಿ, ದೋಣಿ ಟಿಕೆಟ್ ಹರಿಯೋ ಹುಡುಗ. ನೀನಾದ್ರೆ ಎಲ್ಲಿಂದಾದ್ರೂ ಹುಡುಕಿ ತರ್ತೀಯ. ನಂಗೆ ಎಡಗಣ್ಣು ಆಗ್ಲೇ ಹೋಯ್ತು. ಬಲಗಣ್ಣಿನ ವಿಷಯಕ್ಕೆ ಡಾಕ್ಟ್ರು ಬಾಯೇ ಬಿಡ್ತಿಲ್ಲ. ಕಾಣೋವಾಗ್ಲೇ ಇನ್ನೊಂದು ಸಲ ನೋಡ್ಬಿಡ್ಬೇಕು."

ಇದನ್ನು ಕೇಳಿದ ಮೇಲೆ ಸುಮ್ಮನಿರಲಾದೀತೇ? ಮೂರು ಶುಕ್ರವಾರ ಪಲ್ಲಾವರಂ ಸಂತೆ ಅಲೆದೆ. ಪಾರಿವಾಳದಿಂದ ಹಿಡಿದು ಬಾಗಿಲಿಲ್ಲದ ಫ್ರಿಡ್ಜಿನವರೆಗೆ ಎಲ್ಲ ಸಿಗುವ ಸಂತೆ ಅದು. ಮೂರನೇ ವಾರ, ಒಂದು ಟಾರ್ಪಾಲಿನ ಮೇಲೆ ಸುರಿದಿದ್ದ ವಿಸಿಡಿಗಳ ರಾಶಿಯ ತಳದಲ್ಲಿ ಟೋಪಿಗಳ ಚಿತ್ರದ ಕವರು ಕಂಡಿತು. ಎದೆ ಹಾರಿತು, ಆದರೆ ಮುಖ ಹಾರಬಾರದಲ್ಲ? ಪಕ್ಕದಲ್ಲಿದ್ದ ಇಸ್ತ್ರಿಪೆಟ್ಟಿಗೆಯ ಬೆಲೆ ಕೇಳಿದೆ. ಬೈದೆ. ಎದ್ದು ನಿಂತೆ. ಆಮೇಲೆ "ಇದೇನಪ್ಪಾ?" ಎಂದು ವಿಸಿಡಿಯನ್ನು ಕಾಲಿನಿಂದ ತೋರಿಸಿದೆ. ಬೇಕಾದ ವಸ್ತುವನ್ನು ಕೊನೆಯಲ್ಲಿ ಕೇಳಬೇಕು, ಅದೂ ಬೇಸರದಿಂದ. ನೂರೈವತ್ತು ಎಂದವನು ಅರವತ್ತಕ್ಕೆ ಇಳಿದ. (ಕವರಿನೊಳಗೆ ಎರಡೂ ಡಿಸ್ಕ್ ಇವೆಯೇ ಎಂದು ಅಲ್ಲೇ ತೆರೆದು ನೋಡಿ. ಕ್ಲೈಮ್ಯಾಕ್ಸ್ ಇಲ್ಲದ ಸಿನಿಮಾಗಳು ನಮ್ಮ ಬಿಲ್ಡಿಂಗಿನಲ್ಲಿ ಬೇಕಾದಷ್ಟಿವೆ.)

ಭಾನುವಾರ ನಾಲ್ಕಕ್ಕೆ ಶುರುವಾಯಿತು. ಆರಕ್ಕೆ ಹಾಲಿಗೆ ಭಜನೆಯವರು ಬರುತ್ತಾರೆ. ಸಿನಿಮಾ ಎರಡೂವರೆ ಗಂಟೆಯದು. ಇಂಥ ಲೆಕ್ಕಕ್ಕೆ ನಮ್ಮಲ್ಲಿ ನಾಲ್ಕು ವರ್ಷದ ಪದ್ಧತಿಯೊಂದಿದೆ: ಹಾಡು ಬಂದರೆ ಓಡಿಸು.

ನಮಗೆ ಹಾಡೆಂದರೇನು? ಥಿಯೇಟರಿನಲ್ಲಿ ಗಂಡಸರಿಗೆ ಸಿಗರೇಟು, ಮನೆಯಲ್ಲಿ ಹೆಂಗಸರಿಗೆ ಕುಕ್ಕರು. ವಾಪಸ್ಸು ಬರುವಾಗ ಕಥೆ ಬಿಟ್ಟಲ್ಲೇ ನಿಂತಿರುತ್ತದೆ, ಮರಕ್ಕೆ ಕಟ್ಟಿದ ಎಮ್ಮೆಯ ಹಾಗೆ. ಆ ಭರವಸೆಯಲ್ಲಿ ಒತ್ತಿದೆ. ಟೋಪಿ ಅಂಗಡಿಯಲ್ಲಿ ಪಿಟೀಲು ಕೇಳಿತು, ಒತ್ತಿದೆ. ದೋಣಿಯಲ್ಲಿ ಹುಡುಗ ಬಾಯಿ ತೆರೆದ, ಒತ್ತಿದೆ. ಒಂದು ಸಲ ಕಮಲಮ್ಮ "ಸ್ವಲ್ಪ..." ಎಂದು ಕೈಯೆತ್ತಿದರು. "ಹೋಯ್ತು ಕಮಲಮ್ಮ, ಹೋಯ್ತು, ಹಾಡು ಮುಗೀತು" ಎಂದು ಸಮಾಧಾನ ಹೇಳಿದೆ! ಹನ್ನೊಂದು ಹಾಡು ಓಡಿಸಿ ಐದೂ ಐವತ್ತಕ್ಕೆ ಮುಗಿಸಿದೆ. ಹತ್ತು ನಿಮಿಷ ಉಳಿಸಿದ ಹೆಮ್ಮೆ ಬೇರೆ.

ಪದ್ಧತಿಯಂತೆ ಅಭಿಪ್ರಾಯ ಕೇಳಿದೆ. ಬ್ಯಾಂಕಿನ ಕುಲಕರ್ಣಿ ಧಾರವಾಡದವರು. ಮೊದಲು ಎದ್ದವರು ಅವರೇ.

"ಏನ್ ಸಿನಿಮಾ ತಂದೀರಿ ಅಕ್ಕಾರ? ಬರೇ ಬಾಗಲಾ ತಗೀತಾರ, ಬಾಗಲಾ ಹಾಕ್ತಾರ. ನಡಬರಕ ಏನೂ ಆಗೂದಿಲ್ಲಲ್ರೀ!"

ರಾಯರು ರಿಟೈರ್ಡ್ ರೈಲ್ವೆ ಗಾರ್ಡು. ಅವರಿಗೆ ನೈತಿಕ ಆಕ್ಷೇಪಣೆ. "ಈ ಹುಡುಗಿ ಆಗ ತಾನೆ ಅವನ ಮುಖ ಕಂಡ್ರಾಗಲ್ಲ ಅಂದ್ಳು. ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಅವನ ತೋಳಲ್ಲಿದಾಳೆ. ಏನ್ರೀ ಅರ್ಥ ಇದಕ್ಕೆ?"

ಉಳಿದವರು ನಕ್ಕರು. ಕಮಲಮ್ಮ ನಗಲಿಲ್ಲ. "ಚೆನ್ನಾಗಿತ್ತಮ್ಮ, ನನಗೋಸ್ಕರ ತೊಂದರೆ ತಗೊಂಡೆ" ಎಂದು ಗೋಡೆ ಹಿಡಿದು ನಡೆದರು. ಮೊಮ್ಮಗಳು ದೀಪಾ ಹಿಂದೆ ಉಳಿದಳು. ಕಾಲೇಜಿನ ಹುಡುಗಿ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುವವಳು.

"ಆಂಟಿ, ಪಾಟ್ಟಿ ಅಂದ ಒರು ಡ್ಯಾನ್ಸುಕ್ಕಾಗತ್ತಾನೇ ವಂದಾಂಗ!" ಅಜ್ಜಿ ಬಂದದ್ದೇ ಆ ಒಂದು ಡ್ಯಾನ್ಸಿಗಾಗಿ. ಯಾವ ಡ್ಯಾನ್ಸು? ಟೋಪಿ ಡಬ್ಬಿಗಳ ಡ್ಯಾನ್ಸಂತೆ. ಒಂಬತ್ತು ಸೆಕೆಂಡಿನಲ್ಲಿ ಓಡಿಸಿದ್ದೆ.

ನನ್ನ ಅಂಗಡಿಯಲ್ಲಿ "ಮಾರಿದ ಮಾಲು ಬದಲಾಯಿಸುವುದಿಲ್ಲ" ಎಂಬ ಬೋರ್ಡು ತೂಗುತ್ತಿದೆ. ಆದರೆ ಹಾಳು ಮಾಲನ್ನು ಗೊತ್ತಿದ್ದೂ ಗಿರಾಕಿಯ ಕೈಯಲ್ಲಿ ಬಿಟ್ಟವಳಲ್ಲ ನಾನು. ಮರುದಿನ ಬೆಳಿಗ್ಗೆ ಎರಡನೇ ಮಹಡಿ ಹತ್ತಿದೆ. ಇನ್ನೊಮ್ಮೆ ಪೂರ್ತಿ ಹಾಕುತ್ತೇನೆ ಎಂದೆ.

"ಬೇಡ ಬಿಡು. ಅವರಿಗೆಲ್ಲ ಬೇಜಾರು. ನೋಡಿದ ಹಾಗೇ ಆಯ್ತು."

"ಹಾಲಲ್ಲಿ ಬೇಡ, ನಮ್ಮನೇಲಿ. ನಾವಿಬ್ರೇ."

"ನಿನಗ್ಯಾಕಮ್ಮ ವ್ಯಾಪಾರ ಬಿಟ್ಟು?"

"ನಿಮಗೋಸ್ಕರ ಅಲ್ಲ. ನನಗೆ ಕಥೆ ಅರ್ಥ ಆಗ್ಲಿಲ್ಲ. ಪಕ್ಕದಲ್ಲಿ ಕೂತು ಹೇಳಿಕೊಡಿ."

ಇದಕ್ಕೆ ಒಪ್ಪಿದರು. ನೆನಪಿಡಿ, ಸ್ವಾಭಿಮಾನದವರಿಗೆ ಏನಾದರೂ ಕೊಡಬೇಕೆಂದರೆ ಅವರಿಂದ ಏನಾದರೂ ಕೇಳಬೇಕು.

ಮುಂದಿನ ಭಾನುವಾರ ಬಂದವರು ಕಮಲಮ್ಮ, ದೀಪಾ. ಜೊತೆಗೆ ಕರೆಯದೆ ಬಂದ ಕುಲಕರ್ಣಿ ಮತ್ತು ರಾಯರು. (ಚಕ್ಕುಲಿ ಕರಿಯುವ ವಾಸನೆಗೆ ಯಾವ ಆಮಂತ್ರಣ ಬೇಕು?) ರಿಮೋಟನ್ನು ದೀಪಾಳ ಕೈಗೆ ಕೊಟ್ಟು, ನಾನು ಎರಡೂ ಕೈ ಕಟ್ಟಿ ಕುಳಿತೆ.

ನಿಜ ಹೇಳಲೇ? ಅದು ಬೇರೆಯೇ ಸಿನಿಮಾ. ನಮ್ಮ ಹಾಡು ಕಥೆಯನ್ನು ಹೊರಗೆ ನಿಲ್ಲಿಸಿ ಒಳಗೆ ಬರುತ್ತದೆ. ಇಲ್ಲಿ ಹಾಡಿನೊಳಗೇ ಕಥೆ ನಡೆಯುತ್ತಿತ್ತು. ಹುಡುಗಿ ಸಿಟ್ಟಿನಲ್ಲಿ ಹಾಡು ಶುರು ಮಾಡುತ್ತಾಳೆ. ಎರಡನೇ ಚರಣದಲ್ಲಿ ಅವಳ ಕಾಲು ತಾನಾಗಿ ಅವನ ತಾಳಕ್ಕೆ ಬೀಳುತ್ತದೆ, ಅದು ಅವಳಿಗೂ ಗೊತ್ತಾಗಿ ನಾಚುತ್ತಾಳೆ. ಮೂರನೆಯದರಲ್ಲಿ ನಗು. ದ್ವೇಷ ಪ್ರೀತಿಯಾಗಲು ಬೇಕಾದಷ್ಟು ಹೊತ್ತನ್ನು ನಿರ್ದೇಶಕ ಪುಣ್ಯಾತ್ಮ ಕೊಟ್ಟೇ ಇದ್ದ. ತೆಗೆದುಹಾಕಿದವಳು ನಾನು. ಬಣ್ಣಗಳೋ, ಸಂಕ್ರಾಂತಿ ಸ್ಟಾಕು ಬಿಚ್ಚಿ ಹರಡಿದ ಹಾಗೆ! ಮೂವತ್ತು ವರ್ಷದಿಂದ ಬಣ್ಣ ಮಾರುತ್ತಿರುವ ನನಗೆ ಆ ಟೋಪಿಗಳ ಕಡುಹಸಿರು ಯಾವ ನೇಯ್ಗೆಯವನ ಹತ್ತಿರವೂ ಸಿಕ್ಕಿಲ್ಲ.

ಆಮೇಲೆ ಆ ಡ್ಯಾನ್ಸು ಬಂತು. ಕಮಲಮ್ಮ ಕುರ್ಚಿಯನ್ನು ಟಿವಿಯ ಮುಂದಕ್ಕೆ ಎಳೆದುಕೊಂಡರು. ಕೈ ಚಾಚಿದರೆ ಗಾಜು ತಾಗುವಷ್ಟು ಹತ್ತಿರ.

"ಹೀರೋಯಿನ್ನ ನೋಡ್ಬೇಡಿ. ಎಡಗಡೆ, ಹಿಂದಿನ ಸಾಲು, ಕೊನೇ ಹುಡುಗಿ. ಅವಳ ಕಾಲು ನೋಡಿ."

ಎತ್ತರದ ಸುತ್ತುಮೆಟ್ಟಿಲು. ಇಪ್ಪತ್ತನಾಲ್ಕು ಹುಡುಗಿಯರು, ಪ್ರತಿಯೊಬ್ಬಳ ಎರಡೂ ಕೈಯಲ್ಲಿ ಗೋಪುರದಂತೆ ಟೋಪಿ ಡಬ್ಬಿಗಳು. ಕ್ಯಾಮೆರಾ ಒಂದೇ ಉಸಿರಿನಲ್ಲಿ ಮೇಲಿನಿಂದ ಕೆಳಗೆ ಬರುತ್ತದೆ, ಎಲ್ಲೂ ಕತ್ತರಿಯಿಲ್ಲ. ನಾಲ್ಕನೇ ಮೆಟ್ಟಿಲಿನಲ್ಲಿ ಆ ಕೊನೆಯ ಹುಡುಗಿಯ ಒಂದು ಶೂ ಕಳಚಿತು. ಬಗ್ಗುವಂತಿಲ್ಲ, ಕೈ ಖಾಲಿಯಿಲ್ಲ. ಅವಳು ನಿಲ್ಲಲಿಲ್ಲ. ಒಂದು ಕಾಲಿನಲ್ಲಿ ಹಿಮ್ಮಡಿ, ಇನ್ನೊಂದರಲ್ಲಿ ತುದಿಗಾಲು. ಎತ್ತರ ಸರಿದೂಗಿಸಿಕೊಂಡು, ನಗುತ್ತಲೇ ಕೆಳಗಿನವರೆಗೆ ಕುಣಿದು ಬಂದಳು.

"ಅಯ್ಯಯ್ಯ! ಇನ್ನೊಮ್ಮೆ ಹಾಕವಾ" ಎಂದರು ಕುಲಕರ್ಣಿ. ದೀಪಾ ಹಿಂದಕ್ಕೆ ಓಡಿಸಿದಳು. ಮೂರು ಸಲ ನೋಡಿದೆವು.

"ನಮ್ಮ ಮಾಸ್ಟರು ಇಡೀ ಗ್ರೂಪನ್ನ ಮೌಂಟ್ ರೋಡ್ ಥಿಯೇಟ್ರಿಗೆ ಕರ್ಕೊಂಡ್ಹೋಗಿ ತೋರಿಸಿದ್ರು" ಎಂದರು ಕಮಲಮ್ಮ, ಪರದೆಯಿಂದ ಕಣ್ಣು ತೆಗೆಯದೆ. "ಒಬ್ಬಳು ನಿಂತ್ರೆ ಎಲ್ಲಾರೂ ಮೊದಲಿಂದ ಕುಣೀಬೇಕು. ಅದಕ್ಕೇ ಅವಳು ನಿಲ್ಲಿಸ್ಲಿಲ್ಲ, ನೋಡ್ಕೊಳ್ರೇ ಅಂದ್ರು. ಹದಿನೆಂಟು ವರ್ಷ ಗ್ರೂಪಲ್ಲಿ ಕುಣಿದೆ. ಒಂದಿನಾನೂ ನನ್ನಿಂದ ಕಟ್ ಆಗ್ಲಿಲ್ಲ."

ಗ್ರೂಪ್ ಡ್ಯಾನ್ಸರ್! ನಾನು ಟೈಲರ್ ಮಾಡಿ ಕೂರಿಸಿದ್ದವರು.

ಈಗ ಅಭಿಪ್ರಾಯಗಳಿಗೆ ಬರೋಣ. ಕುಲಕರ್ಣಿ ಸಂಪೂರ್ಣ ಶರಣಾದರು. "ಬಾಗಲಾ ಹಾಕಿದ ಮ್ಯಾಲೆ ಒಳಗ ಇಷ್ಟೆಲ್ಲಾ ನಡದಿತ್ತೇನ್ರೀ!" ರಾಯರು ಮಾತ್ರ ಜಗ್ಗಲಿಲ್ಲ. "ಡ್ಯಾನ್ಸ್ ಒಪ್ಕೊಂಡೆ. ಆದ್ರೆ ಆ ಹುಡುಗ ಡ್ಯೂಟಿ ಟೈಮಲ್ಲಿ ಕುಣೀತಾನೆ. ಅಷ್ಟು ಹೊತ್ತು ಟಿಕೆಟ್ ಯಾರು ನೋಡ್ತಾರೆ? ನಮ್ಮಲ್ಲಾಗಿದ್ರೆ ಸಸ್ಪೆಂಡು." ಇರಲಿ. ಒಳ್ಳೆಯ ಸಿನಿಮಾ ಎಲ್ಲರನ್ನೂ ಒಪ್ಪಿಸಬೇಕೆಂದೇನೂ ಇಲ್ಲ. ಗಾರ್ಡುಗಳನ್ನಂತೂ ಯಾರೂ ಒಪ್ಪಿಸಲಾರರು. ನನ್ನ ಸಲಹೆ ಇಷ್ಟೇ: ಈ ಜಾತಿಯ ಸಿನಿಮಾ ಸಿಕ್ಕರೆ ಬಿಡಬೇಡಿ. ಹಾಡು ಪೂರ್ತಿ ನೋಡಿ, ಬೇಕಾದರೆ ಮಾತು ಓಡಿಸಿ.

ಹೊರಡುವಾಗ ದೀಪಾ ಅಜ್ಜಿಯ ಕೈ ಹಿಡಿದುಕೊಂಡು, ಮೊದಲ ಬಾರಿಗೆ ನಮ್ಮೆದುರು ಕನ್ನಡದಲ್ಲಿ, ತಡವರಿಸುತ್ತ ಕೇಳಿದಳು: "ಅಜ್ಜಿ, ನೀನು ಯಾವ ಸಾಲಲ್ಲಿ ನಿಂತಿದ್ದಿ?"

"ಮೂರನೇ ಸಾಲು ಪುಟ್ಟಿ. ಹೀರೋಯಿನ್ ಮುಂದೆ ಬಂದ್ರೆ ಕಾಣದೇ ಇರೋ ಸಾಲು."

ಹನ್ನೊಂದು ವರ್ಷ ಒಂದೇ ಮೆಟ್ಟಿಲು ಹತ್ತಿಳಿದ ನಮ್ಮಲ್ಲಿ ಒಬ್ಬರಿಗಾದರೂ ಇದನ್ನು ಕೇಳಬೇಕೆಂದು ಯಾಕೆ ಅನಿಸಲಿಲ್ಲ?