ಬಲದವಡೆಯ ಹಲ್ಲು ಮತ್ತು ಸಾಂಬಾರು

ಎಂಟು ತಿಂಗಳ ಕಾಲ ನಾನು ಬಾಯಿಯ ಎಡಭಾಗದಲ್ಲಷ್ಟೇ ಊಟ ಮಾಡಿದೆ. ಬಲದವಡೆಯಲ್ಲೊಂದು ಹಲ್ಲು ಹುಳುಕಾಗಿ, ಬಿಸಿ ತಾಗಿದರೆ ಕಿವಿಯವರೆಗೆ ಚುಚ್ಚುತ್ತಿತ್ತು. ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಅಲ್ಲಿ ಒತ್ತಿಟ್ಟುಕೊಂಡು, ವೈದ್ಯರಲ್ಲಿಗೆ ಹೋಗದಿರಲು ದಿನಕ್ಕೊಂದು ನೆಪ ಹುಡುಕುತ್ತಿದ್ದೆ. ಸೋಮವಾರ ಹೋಟೆಲಿನಲ್ಲಿ ಜನ ಜಾಸ್ತಿ, ಮಂಗಳವಾರ ಒಳ್ಳೆಯ ದಿನವಲ್ಲ, ಬುಧವಾರ ನೋವೇ ಇರಲಿಲ್ಲ. ನೋವಿಲ್ಲದ ದಿನ ದಂತವೈದ್ಯರ ಬಾಗಿಲು ತಟ್ಟುವ ಮೂರ್ಖ ಯಾರಿದ್ದಾನೆ, ನೀವೇ ಹೇಳಿ.

ನನ್ನ ಹೆದರಿಕೆಗೆ ಕಾರಣವೂ ಇತ್ತು. ವಡೋದರದ ಫತೇಗಂಜ್‌ನಲ್ಲಿ ಅಪ್ಪ ಆರಂಭಿಸಿದ ಉಡುಪಿ ಹೋಟೆಲನ್ನು ನಾನು ನಡೆಸುತ್ತಿದ್ದೇನೆ. ಬೆಳಿಗ್ಗೆ ಸಾಂಬಾರು ಒಲೆಯಿಂದ ಇಳಿದೊಡನೆ ಮೊದಲ ಚಮಚ ಯಜಮಾನನ ನಾಲಿಗೆಗೆ. ಅವನು ‘ಸಮ ಉಂಟು’ ಎನ್ನದೆ ಒಂದು ಬಟ್ಟಲೂ ಹೊರಗೆ ಹೋಗುವಂತಿಲ್ಲ. ಇಲ್ಲಿನವರಿಗೆ ತೊವ್ವೆಯೂ ಸಿಹಿಯಾಗಬೇಕು. ಸಾಂಬಾರಿಗೆ ಇನ್ನಷ್ಟು ಬೆಲ್ಲ ಹಾಕಿ ಎಂದು ಇಪ್ಪತ್ತೈದು ವರ್ಷಗಳಿಂದ ಕೇಳುತ್ತಿದ್ದಾರೆ, ನಾನು ಬಗ್ಗಿದವನಲ್ಲ. ಸಾಂಬಾರಿಗೆ ಬೆಲ್ಲ ಬೀಳಬೇಕು, ಆದರೆ ಬಿದ್ದದ್ದು ಗೊತ್ತಾಗಬಾರದು ಎಂಬುದು ಅಪ್ಪನ ಕಟ್ಟಪ್ಪಣೆ. ಅದನ್ನು ಕಾಯುತ್ತಿರುವುದು ನನ್ನ ನಾಲಿಗೆ ಎಂಬ ಹೆಮ್ಮೆ ನನಗೆ. ಹೀಗಿರುವಾಗ ರೂಟ್ ಕೆನಾಲ್ ಎಂದರೆ ಹಲ್ಲಿನ ಬೇರಿಗೇ ಕೈಹಾಕಿ ನರ ಎಳೆಯುತ್ತಾರೆ ಎಂದು ಯಾರೋ ಹೇಳಿದರು. ನರದ ಜೊತೆ ರುಚಿಯೂ ಹೋಗಿಬಿಟ್ಟರೆ ನಾನು ಹಲ್ಲು ಕಿತ್ತ ಹಾವು.

ಸಂಸ್ಕೃತದಲ್ಲಿ ಹಲ್ಲಿಗೆ ದ್ವಿಜ ಎಂಬ ಹೆಸರಿದೆ, ಎರಡು ಸಲ ಹುಟ್ಟುತ್ತದಲ್ಲ, ಅದಕ್ಕೆ. ಮೂರನೆಯ ಸಲ ಹುಟ್ಟುವ ಸೌಕರ್ಯವನ್ನು ದೇವರು ಯಾಕೆ ಕೊಡಲಿಲ್ಲವೋ ಎಂದು ಯೋಚಿಸುತ್ತಾ ಕಾಲ ತಳ್ಳುತ್ತಿರುವಾಗಲೇ ಒಂದು ಬೆಳಿಗ್ಗೆ ಕೆನ್ನೆ ಬನ್ನಿನಂತೆ ಊದಿತು. ಹೆಂಡತಿ ಸೀದಾ ಆಟೋ ಕರೆದಳು.

ವೈದ್ಯೆ ಚಿಕ್ಕ ವಯಸ್ಸಿನವಳು. ಓದುವಾಗಿನಿಂದ ಇವತ್ತಿನವರೆಗೂ ನಮ್ಮ ಹೋಟೆಲಿನ ಗಿರಾಕಿ. ಎಕ್ಸ್‌ರೇ ಹಿಡಿದು ವಿವರಿಸಿದಳು. ಹಲ್ಲಿನೊಳಗೆ ಜೀವಂತ ತಿರುಳೊಂದಿದೆ, ಅದೀಗ ಕೊಳೆತಿದೆ. ಮರಗಟ್ಟಿಸಿ, ಮೇಲಿಂದ ತೂತು ಮಾಡಿ, ಬೇರಿನೊಳಗಿನ ಕೂದಲೆಳೆಯಂಥ ನಾಳಗಳನ್ನು ಸಣ್ಣ ಅರದಿಂದ ಉಜ್ಜಿ ಶುಚಿಮಾಡುವುದು. ಆಮೇಲೆ ಅವುಗಳನ್ನು ತುಂಬಿ ಮುಚ್ಚಿ, ಮುಂದಿನ ಸಲ ಮೇಲೊಂದು ಕವಚ. ಬೇರು ಅಲ್ಲೇ ಇರುತ್ತದೆ. ಇದು ಹಲ್ಲು ಕೀಳುವ ಕೆಲಸವಲ್ಲ, ಉಳಿಸುವ ಕೆಲಸ.

“ಔರ್ ಟೇಸ್ಟ್?” ಎಂದೆ.

“ಟೇಸ್ಟ್ ತೋ ಜೀಭ್ ಮೇಂ ಹೈ, ಅಂಕಲ್. ದಾಂತ್ ಕೋ ಕ್ಯಾ ಪತಾ!” ರುಚಿ ನಾಲಿಗೆಯದ್ದು, ಹಲ್ಲಿಗೇನು ಗೊತ್ತು ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಸೂಜಿ ಚುರುಕ್ಕೆಂದಿತು, ಆಮೇಲೆ ಬರೀ ಸದ್ದು. ನೋವಿಲ್ಲದ ಆ ಸದ್ದಿಗೇ ನಾನು ಕುರ್ಚಿಯ ತೋಳುಗಳನ್ನು ಹಿಂಡಿದೆ. ವಿಷ್ಣುಸಹಸ್ರನಾಮ ಹತ್ತನೆಯ ಹೆಸರಿಗೇ ನಿಂತುಹೋಯಿತು. ನಡುವೆ ಅವಳು, “ಅಂಕಲ್, ಆಜ್‌ಕಲ್ ಆಪ್ ಕಾ ಸಾಂಬಾರ್ ಬಹುತ್ ಅಚ್ಛಾ ಹೋ ಗಯಾ ಹೈ” ಎಂದು, ಈಚೆಗೆ ನಮ್ಮ ಸಾಂಬಾರು ಬಹಳ ಚೆನ್ನಾಗಿದೆಯೆಂದು ಹೊಗಳಿದಳು. ಬಾಯಿಯೊಳಗೆ ಕೊಳವೆ ಇದ್ದುದರಿಂದ ಕಣ್ಣಿನಲ್ಲೇ ವಿನಯ ತೋರಿಸಿದೆ.

ಮರುದಿನ ಬೆಳಿಗ್ಗೆ ಹತ್ತಿಯಿಲ್ಲದ, ಲವಂಗದೆಣ್ಣೆಯಿಲ್ಲದ ಬಾಯಿಗೆ ಮೊದಲ ಚಮಚ ಹೋಯಿತು. ಸಿಹಿ! ಇನ್ನೊಂದು ಚಮಚ ಕುಡಿದೆ. ಮತ್ತೂ ಸಿಹಿ. ಹೆದರಿದ್ದೇ ಆಯಿತಲ್ಲ, ಇನ್ನು ಅಪ್ಪನ ಹೋಟೆಲಿನ ಗತಿಯೇನು?

“ಭಟ್ರೇ, ನನ್ನ ನಾಲಿಗೆ ಹೋಯ್ತು. ಸಾಂಬಾರು ಪಾಯಸದ ಹಾಗೆ ಆಗ್ತಾ ಉಂಟು!”

ಹದಿನೆಂಟು ವರ್ಷಗಳಿಂದ ನಮ್ಮಲ್ಲಿ ಅಡುಗೆ ಮಾಡುತ್ತಿರುವ ಶೀನ ಭಟ್ಟರು ಸೌಟು ಕೆಳಗಿಟ್ಟರು. “ನಾಲಿಗೆ ಎಲ್ಲಿಗೂ ಹೋಗ್ಲಿಲ್ಲ ಮಾರಾಯ್ರೆ. ಬೆಲ್ಲ ಜಾಸ್ತಿ ಹಾಕಿದ್ದು ನಾನೇ. ದೀಪಾವಳಿಯಿಂದ ಸ್ವಲ್ಪ ಸ್ವಲ್ಪವೇ ಏರಿಸ್ತಾ ಬಂದೆ. ಕದ್ದು ಮಾಡ್ಲಿಲ್ಲ, ದಿನಾ ನಿಮ್ಗೇ ಮೊದ್ಲು ಕೊಟ್ಟದ್ದು. ನೀವೇ ಸಮ ಉಂಟು ಅಂದ್ರಿ.”

ಮೊದಲು ಬಂದದ್ದು ಸಂತೋಷ, ನಾಲಿಗೆ ಬದುಕಿದೆ ಎಂದು. ಸಿಟ್ಟು ಅದರ ಹಿಂದೆಯೇ ಬಂತು. ಆದರೆ ಯಾರ ಮೇಲೆ ಸಿಟ್ಟಾಗುವುದು? ಎಂಟು ತಿಂಗಳು ನಾನು ರುಚಿ ನೋಡಿದ್ದು ಲವಂಗದ್ದು, ತಲೆಯಾಡಿಸಿದ್ದು ಸಾಂಬಾರಿಗೆ. ಹೊರಗೆ ಹಾಸ್ಟೆಲ್ ಮಕ್ಕಳು ಬಟ್ಟಲೆತ್ತಿ ಸಾಂಬಾರು ಕುಡಿಯುತ್ತಿದ್ದರು. ಕೆಲವು ತಿಂಗಳಿಂದ ಹೀಗೆ ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದಾರಲ್ಲ, ನನ್ನ ಕಾವಲಿನ ಫಲ ಎಂದುಕೊಂಡಿದ್ದೆ. ನಾಚಿಕೆಯಾಯಿತು.

“ನಾಳೆಯಿಂದ ಕಡಿಮೆ ಮಾಡ್ಲಾ?” ಎಂದು ಭಟ್ಟರು ಕೇಳಿದರು.

“ಇರ್ಲಿ” ಎಂದೆ. ಅಪ್ಪನ ಕಟ್ಟಪ್ಪಣೆ ಮೀರಿದ ಆ ಸಾಂಬಾರನ್ನು ನಾನೇ ಹಾಸ್ಟೆಲ್ ಮಕ್ಕಳಿಗೆ ಬಡಿಸಲು ಹೊರಟೆ.

ವಾರದ ನಂತರ ಕವಚ ಕೂರಿಸುತ್ತಾ ವೈದ್ಯೆ, ಈಗ ನೋವಿದೆಯಾ ಅಂಕಲ್ ಎಂದು ಕೇಳಿದಳು.

“ಹಲ್ಲಿನಲ್ಲಿ ಇಲ್ಲ” ಎಂದೆ.